ಮಿನ್ನೆಸೋಟಕ್ಕೆ ಹೊರಟ ಕರಾವಳಿಯವರು ಮೊದಲ ದೋಣಿ ಕೊಳ್ಳುವಾಗ

ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳು ಹೆಪ್ಪುಗಟ್ಟಿ, ನನ್ನ ದೋಣಿ ಹಿತ್ತಲಿನಲ್ಲಿ ಹಿಮದಡಿ ಮಲಗಿರುವ ಜನವರಿಯಲ್ಲಿ ನಾನು ಉಡುಪಿಗೆ ಬರುತ್ತೇನೆ. ಬಂದಾಗಲೆಲ್ಲ ಮಲ್ಪೆ, ಕಲ್ಯಾಣಪುರದ ಕಡೆಯ ಯಾರಾದರೊಬ್ಬರು ಮಗನಿಗೋ ಅಳಿಯನಿಗೋ ಮಿನಿಯಾಪೊಲಿಸ್‌ನಲ್ಲಿ ಕೆಲಸವಾಗಿದೆ, ಅವನಿಗೆ ಗಾಳದ ಹುಚ್ಚು, ಎಂಥ ದೋಣಿ ಕೊಳ್ಳಬೇಕು ಎಂದು ವಿಚಾರಿಸುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಟಿಲ್ಲರ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಗದ್ದೆ ಉಳುವ ಯಂತ್ರ. ದೋಣಿಯ ವಿಷಯದಲ್ಲಿ ಅದು ಔಟ್‌ಬೋರ್ಡ್ ಎಂಜಿನ್ನಿಗೇ ಜೋಡಿಸಿದ ಹಿಡಿ. ನಾಡದೋಣಿಯ ಹಿಂದೆ ಕುಳಿತವರು ಎಂಜಿನ್ ತಿರುಗಿಸುವುದನ್ನು ಅಳಿವೆಯಲ್ಲಿ ನೋಡಿದವರಿಗೆ ಇದು ಹೊಸತಲ್ಲ. ಹಿಡಿಯನ್ನು ಬಲಕ್ಕೆ ದೂಡಿದರೆ ದೋಣಿ ಎಡಕ್ಕೆ ಹೊರಳುತ್ತದೆ. ಕಾರಿನಂತೆ ಚಕ್ರ ತಿರುಗಿಸುವ ದೋಣಿಗಳೂ ಧಾರಾಳವಾಗಿ ಸಿಗುತ್ತವೆಯಾದರೂ ಮೊದಲ ದೋಣಿಗೆ ನಾನು ಟಿಲ್ಲರನ್ನೇ ಹೇಳುತ್ತೇನೆ; ಏಕೆಂದರೆ ಕೆಡುವ ಕೇಬಲ್ಲುಗಳು ಕಡಿಮೆ, ಒಳಗೆ ಜಾಗ ಹೆಚ್ಚು, ಗಾಳ ಇಳಿಬಿಟ್ಟು ನಿಧಾನವಾಗಿ ಹಿಂದಕ್ಕೆ ಸರಿಯುವಾಗ ದೋಣಿ ಕೈಯ ಮಾತು ಕೇಳುತ್ತದೆ. ತೊಡಕು ಒಂದೇ: ನಡೆಸುವವನು, ಎಂಜಿನ್, ಪೆಟ್ರೋಲ್ ಟ್ಯಾಂಕ್ ಎಲ್ಲವೂ ಹಿಂಭಾಗದಲ್ಲೇ ಸೇರುವುದರಿಂದ, ಒಬ್ಬನೇ ಹೋದಾಗ ಮುಂಭಾಗ ಮೇಲೆದ್ದು ಎದುರಿನದು ಕಾಣಿಸುವುದಿಲ್ಲ. ಬ್ಯಾಟರಿಯನ್ನೂ ಲಂಗರನ್ನೂ ಮುಂದಕ್ಕೆ ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ.

ಉದ್ದದ ಮಟ್ಟಿಗೆ, ಚಿಕ್ಕ ಸರೋವರಗಳಿಗೆ 14 ಅಡಿ ಸಾಕು. ಆದರೆ ಮಿಲ್ ಲ್ಯಾಕ್ಸ್‌ನಂತಹ ವಿಶಾಲವಾದ, ಆಳ ಕಡಿಮೆಯಿರುವ ಸರೋವರದಲ್ಲಿ ಗಾಳಿ ಎದ್ದರೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ಅಲ್ಲಿಗೆ 16 ಅಡಿಗಿಂತ ಕಡಿಮೆ ಬೇಡ. ಒಳಬದಿಯಲ್ಲಿ ಒಂದು ಫಲಕವಿರುತ್ತದೆ. ಎಷ್ಟು ಜನ, ಎಷ್ಟು ತೂಕ, ಗರಿಷ್ಠ ಎಷ್ಟು ಅಶ್ವಶಕ್ತಿ ಎಂಬುದು ಅದರಲ್ಲಿ ಬರೆದಿರುತ್ತದೆ. ಇನ್ನೊಬ್ಬ ಕುಳಿತರೆ ಏನಾಗುತ್ತದೆ ಎಂಬ ನಮ್ಮೂರಿನ ಉದಾರತೆಯನ್ನು ಇಲ್ಲೇ ಬಿಟ್ಟು ಹೋಗಿ.

ಅಲ್ಯೂಮಿನಿಯಂ ದೋಣಿ ತಯಾರಿಸುವ ಕಂಪನಿಗಳಲ್ಲಿ ಲುಂಡ್‌ನವರು ತಗಡುಗಳನ್ನು ರಿವೆಟ್ ಹೊಡೆದು ಜೋಡಿಸುತ್ತಾರೆ, ಕ್ರೆಸ್ಟ್‌ಲೈನರ್‌ನವರು ವೆಲ್ಡಿಂಗ್ ಮಾಡುತ್ತಾರೆ. ಎರಡೂ ಮಿನ್ನೆಸೋಟದ ಹೆಸರುಗಳೇ. ಯಾವುದು ಮೇಲು ಎಂಬ ಚರ್ಚೆ ಅಲ್ಲಿನ ಗಾಳದವರಲ್ಲಿ ಮುಗಿಯುವುದೇ ಇಲ್ಲ. ರಿವೆಟ್ ಸಡಿಲವಾದರೆ ನೀರು ಜಿನುಗುತ್ತದೆ, ವೆಲ್ಡಿಂಗ್ ಬಿರುಕು ಬಿಟ್ಟರೆ ದುರಸ್ತಿಗೆ ನುರಿತ ಕೈ ಬೇಕು. ಹೊಸಬರು ಈ ಜಗಳಕ್ಕೆ ಇಳಿಯಬೇಕಾಗಿಲ್ಲ.

ಹೊಸದೋ ಹಳೆಯದೋ ಎಂದರೆ ನನ್ನ ಉತ್ತರ ಹಳೆಯದೇ. ಸಿಹಿನೀರಿನಲ್ಲಿ ಅಲ್ಯೂಮಿನಿಯಂ ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ, ಆದ್ದರಿಂದ ಮೂವತ್ತು ವರ್ಷ ಹಳೆಯ ದೋಣಿಯ ಮೈಯೂ ಗಟ್ಟಿಯಾಗಿರಬಹುದು. ಕೆಡುವುದು ಒಳಗಿನ ಮರ. ನಾನು ಮೊದಲು ಕೊಂಡ ದೋಣಿಯನ್ನು ಮಲ್ಪೆಯ ದಕ್ಕೆಯಲ್ಲಿ ದೋಣಿ ನೋಡುವ ಹಾಗೆ ಹೊರಮೈ ತಟ್ಟಿ, ತಳ ಸವರಿ ನೋಡಿ ಹಣ ಕೊಟ್ಟುಬಿಟ್ಟೆ. ಎಂಜಿನ್ ತೂಗುವ ಹಿಂಬದಿಯ ಗೋಡೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಅದರ ತಗಡುಗಳ ನಡುವಿನ ಪ್ಲೈವುಡ್ ನೆನೆದ ಅವಲಕ್ಕಿಯಂತಾಗಿತ್ತು, ಹೊರಗೆ ಮಾತ್ರ ಹೊಸ ಬಣ್ಣ ಹೊಳೆಯುತ್ತಿತ್ತು. ಎಂಜಿನ್ನನ್ನು ಅರ್ಧ ಎತ್ತಿ ಅದರ ಕೆಳತುದಿಯನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಒತ್ತಿ ನೋಡಿದ್ದರೆ, ಟ್ರಾನ್ಸಮ್ ಬಾಗುವುದು ಆಗಲೇ ಕಣ್ಣಿಗೆ ಬೀಳುತ್ತಿತ್ತು. ಅದೇ ರೀತಿ ನೆಲದ ಹಲಗೆಯ ಮೇಲೆ ಹಿಮ್ಮಡಿ ಊರಿ ನಡೆಯಬೇಕು. ಮೆತ್ತಗಾಗಿದ್ದರೆ ದೋಣಿ ಮುಳುಗದಿರಲೆಂದು ಅದರಡಿ ತುಂಬಿದ ಫೋಮ್ ಕೂಡ ನೀರು ಕುಡಿದಿರುವ ಸಂಭವವಿದ್ದು, ದೋಣಿ ಭಾರವಾಗಿ ಎಂಜಿನ್ನಿನ ಅರ್ಧ ಶಕ್ತಿ ಅದಕ್ಕೇ ಹೋಗುತ್ತದೆ. ಮಾರುವವರು ಒಪ್ಪಿದರೆ, ಟ್ರೇಲರ್ ಮೇಲಿರುವಾಗಲೇ ದೋಣಿಯೊಳಗೆ ನಾಲ್ಕೈದು ಅಂಗುಲ ನೀರು ತುಂಬಿ ಕೆಳಗೆ ಎಲ್ಲಿ ಹನಿಯುತ್ತದೆ ಎಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿ. ಮರದ ಭಾಗ ಬದಲಿಸಿದ್ದರೆ ಯಾವ ಮರ ಎಂದು ಕೇಳಿ. ಹುಳು ಹಿಡಿಯದಿರಲೆಂದು ತಾಮ್ರದ ರಾಸಾಯನಿಕ ಹಾಕಿದ ಮರ ಅಲ್ಯೂಮಿನಿಯಮ್ಮನ್ನು ಕೊರೆದುಬಿಡುತ್ತದೆ.

ಎಂಜಿನ್ನಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಅಶ್ವಶಕ್ತಿಯಲ್ಲ, ಕಾಲಿನ ಉದ್ದ, ಅಂದರೆ ಪ್ರೊಪೆಲ್ಲರ್ ಕಡೆಗೆ ಕೆಳಗಿಳಿಯುವ ಭಾಗದ ಉದ್ದ. 15 ಅಂಗುಲದ ಟ್ರಾನ್ಸಮ್ಮಿಗೆ ಗಿಡ್ಡ ಕಾಲಿನದು, 20 ಅಂಗುಲದ್ದಕ್ಕೆ ಉದ್ದ ಕಾಲಿನದು. ಎತ್ತರದ ಟ್ರಾನ್ಸಮ್ಮಿಗೆ ಗಿಡ್ಡ ಕಾಲಿನದು ಹಾಕಿದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ಗಿರಗಿರ ತಿರುಗುತ್ತದೆ. ಗೇರಿನ ಎಣ್ಣೆಯನ್ನು ಎರಡು ಹನಿ ಹೊರಬಿಟ್ಟು ನೋಡಿ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ, ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗೇರುಪೆಟ್ಟಿಗೆಯನ್ನೇ ಸೀಳುತ್ತದೆ. ನಮ್ಮ ಕರಾವಳಿಯಲ್ಲಿ ಹುಟ್ಟಿದವರಿಗೆ ಹೊಳೆಯದ ಅಪಾಯ ಇದು. ಸಿಲಿಂಡರುಗಳ ಕಂಪ್ರೆಶನ್, ಅಂದರೆ ಒಳಗೆ ಹುಟ್ಟುವ ಒತ್ತಡ, ಒಂದಕ್ಕೊಂದು ಶೇಕಡ 10ರೊಳಗಿರಬೇಕು. ಎಂಜಿನ್ ಓಡುವಾಗ ಹಿಂಬದಿಯಿಂದ ನೀರಿನ ಸಣ್ಣ ಧಾರೆ ಬಿಡದೆ ಚಿಮ್ಮುತ್ತಿರಬೇಕು. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಹಳೆಯ ದೋಣಿಗೆ ಹೊಸ ನಾಲ್ಕು-ಸ್ಟ್ರೋಕ್ ಎಂಜಿನ್ ಹಾಕುವುದು, ಹೊಸ ದೋಣಿಗೆ ಹಳೆಯ ಎಂಜಿನ್ ಹಾಕುವುದಕ್ಕಿಂತ ಬುದ್ಧಿವಂತಿಕೆ.

ಕಾಗದಪತ್ರದಲ್ಲಿ ಹೆಚ್ಚು ಕಷ್ಟವಿಲ್ಲ. ಹಿಂಬದಿಯ ಬಲಮೂಲೆಯಲ್ಲಿ ಕೊರೆದಿರುವ 12 ಅಕ್ಷರ-ಅಂಕಿಗಳ ಸಂಖ್ಯೆ ನೋಂದಣಿ ಪತ್ರಕ್ಕೆ ಹೊಂದಬೇಕು. ಟ್ರೇಲರಿನ ದಾಖಲೆ ಬೇರೆಯೇ ಇರುತ್ತದೆ, ಅದನ್ನು ಮರೆಯಬೇಡಿ.

ಸಮುದ್ರದಲ್ಲಿ ಈಜು ಕಲಿತವರಿಗೆ ಒಂದು ಮಾತು ಒತ್ತಿ ಹೇಳಬೇಕು. ಮೇ ತಿಂಗಳಲ್ಲಿ ವಾಲೈ ಮೀನಿನ ಋತು ತೆರೆಯುವ ಹೊತ್ತಿಗೆ ನೀರು ಮಂಜುಗಡ್ಡೆ ಕರಗಿದ ತಣ್ಣೀರೇ ಆಗಿದ್ದು, ಬಿದ್ದ ಕ್ಷಣದಲ್ಲಿ ಉಸಿರು ತಾನಾಗಿ ಎಳೆದುಕೊಂಡು ಬಾಯಿಗೆ ನೀರು ನುಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಅಲ್ಲಿ ಈಜು ಉಪಯೋಗಕ್ಕೆ ಬರುವುದಿಲ್ಲ, ಲೈಫ್ ಜಾಕೆಟ್ ಬರುತ್ತದೆ. ಟಿಲ್ಲರ್ ಹಿಡಿದವನು ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನು ಜಾಕೆಟ್ಟಿಗೋ ಮಣಿಕಟ್ಟಿಗೋ ಸಿಕ್ಕಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಅವನು ಬಿದ್ದ ಮೇಲೂ ದೋಣಿ ಸುತ್ತು ಹೊಡೆದು ಅವನ ಮೇಲೆಯೇ ಬರಬಹುದು.

ಇನ್ನು ತಳದ ನೀರು ಬಿಡುವ ಬಿರಡೆ. ಒಂದು ಸರೋವರದ ಜೀವಿಗಳು ಇನ್ನೊಂದಕ್ಕೆ ಹರಡದಿರಲೆಂದು, ದೋಣಿಯನ್ನು ರಸ್ತೆಯಲ್ಲಿ ಒಯ್ಯುವಾಗ ಬಿರಡೆ ತೆಗೆದಿರಬೇಕು ಎಂಬುದು ಮಿನ್ನೆಸೋಟದ ಕಾನೂನು. ನೀರಿಗಿಳಿಸುವ ಮುನ್ನ ಮತ್ತೆ ಹಾಕಲು ಮರೆಯುವುದು ಹೊಸಬರ ಹಾಡು. ನನ್ನದೂ ಆಗಿತ್ತು, ಅದಕ್ಕಾಗಿ ಈಗ ಬಿರಡೆಯನ್ನು ದೋಣಿಯ ಕೀಲಿಕೈ ಗೊಂಚಲಿಗೇ ಕಟ್ಟಿಟ್ಟಿದ್ದೇನೆ.