ಸೂಪು ಯಾರದ್ದು?

ಕೆಲಸಕ್ಕಂತ ಐರ್ಲೆಂಡಿಗೆ ಬಂದವನು ನಾನು. ಬಿಡುವಾದಾಗ ಇಲ್ಲಿನ ಜಾನಪದ ಸಂಗ್ರಹದ ದೂಖಸ್ ಜಾಲತಾಣದಲ್ಲಿ ಹಳೇ ಕೈಬರಹದ ಪುಟಗಳನ್ನು ಟೈಪ್ ಮಾಡಿಕೊಡುತ್ತೇನೆ. 1937ರಿಂದ 39ರವರೆಗೆ ಇಲ್ಲಿನ ಶಾಲೆ ಮಕ್ಕಳು ಹಿರಿಯರನ್ನು ಕೇಳಿ ಬರೆದುಕೊಂಡ ಕತೆಗಳು ಅವು. ಆಸಕ್ತಿ ಇದ್ದವರು ಯಾರಾದರೂ ಈ ಕೆಲಸಕ್ಕೆ ಸೇರಬಹುದು.

ನಾನು ಹುಡುಕಿ ಆರಿಸಿಕೊಳ್ಳುವುದು ಬರಗಾಲದ ಪುಟಗಳನ್ನು. 1845ರಲ್ಲಿ, ಬಡವರ ಮುಖ್ಯ ಊಟವಾಗಿದ್ದ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹಸಿದ ಕ್ಯಾಥೊಲಿಕರಿಗೆ ಪ್ರಾಟೆಸ್ಟೆಂಟ್ ಪಾದ್ರಿಗಳು ಸೂಪು ಕೊಟ್ಟು ಮತ ಬದಲಿಸಿದರು ಅನ್ನುವ ಮಾತು ಈ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೂ ಶುಕ್ರವಾರವೇ ಮಾಂಸದ ಸೂಪು ಕೊಟ್ಟರಂತೆ! ಆಗಿನ ಕ್ಯಾಥೊಲಿಕರಿಗೆ ಶುಕ್ರವಾರ ಮಾಂಸ ನಿಷಿದ್ಧವಾಗಿತ್ತು. ಏಕಾದಶಿ ದಿನ ಕರೆದು ಅನ್ನ ಬಡಿಸಿದ ಹಾಗೆ.

ಟೈಪ್ ಮಾಡುವ ಮೊದಲು ಕತೆ ಹೇಳಿದವರ ವಯಸ್ಸು ನೋಡುತ್ತೇನೆ. 1938ರಲ್ಲಿ 80 ವರ್ಷ ಅಂತಿದ್ದರೆ ಅವರು ಹುಟ್ಟಿದ್ದೇ ಬರ ಮುಗಿದ ಮೇಲೆ. ಅಂದರೆ ಅವರೂ ಕೇಳಿ ಹೇಳಿದ್ದು.

ಆಮೇಲೆ ಸೂಪು ಯಾರದ್ದು ಅಂತ ನೋಡುತ್ತೇನೆ. 1847ರ ಬೇಸಿಗೆಯಲ್ಲಿ ಸರ್ಕಾರದ ಗಂಜಿಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ಕೊಟ್ಟವು. ಅಲ್ಲಿ ಮತದ ಷರತ್ತಿರಲಿಲ್ಲ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರೂ ಷರತ್ತಿಲ್ಲದೆ ಸುಮ್ನೆ ಕೊಟ್ಟರು. ಆದರೆ ಪಶ್ಚಿಮ ಕರಾವಳಿಯ ಅಕಿಲ್ ದ್ವೀಪದಲ್ಲಿ ಪ್ರಾಟೆಸ್ಟೆಂಟ್ ಪಾದ್ರಿ ಎಡ್ವರ್ಡ್ ನ್ಯಾಂಗಲ್, ಅದೇ ಕಡೆಯ ಕಾನಮಾರಾದಲ್ಲಿ ಇನ್ನೊಬ್ಬ ಪಾದ್ರಿ ಅಲೆಕ್ಸಾಂಡರ್ ಡಲ್ಲಾಸ್ ಕಡೆಯವರು ಮತಾಂತರಕ್ಕೆಂದೇ ಬಂದವರು, ಮುಚ್ಚಿಡಲೂ ಇಲ್ಲ. ನ್ಯಾಂಗಲ್ ಅಂತೂ ಬರಕ್ಕಿಂತ ಮೊದಲೇ, 1830ರ ದಶಕದಲ್ಲೇ, ಅಲ್ಲಿ ಬೀಡುಬಿಟ್ಟಿದ್ದ. ಊರಿನ ನೆನಪು ಮಾತ್ರ ಇವರನ್ನೆಲ್ಲ ಒಂದೇ ಹಂಡೆಗೆ ಸುರಿದುಬಿಡುತ್ತದೆ.

ನನಗೆ ತೀರ್ಪು ಕೊಡಲು ಕಷ್ಟವಾಗುವುದು ಕಾರ್ಕ್ ಜಿಲ್ಲೆಯ ಟೂರ್‌ಮೋರ್ ವಿಷಯದಲ್ಲಿ. 1847ರಲ್ಲಿ ವಿಲಿಯಂ ಫಿಶರ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ದೇಣಿಗೆ ಹಣದಲ್ಲಿ ಅಲ್ಲೊಂದು ಚರ್ಚ್ ಕಟ್ಟಿಸಿದ. ಕೂಲಿ ಸಿಕ್ಕಿದ್ದು ಹಸಿದ ಊರಿನವರಿಗೇ. ಅದರ ಹೆಸರೇ ‘ಬಡವರ ಚರ್ಚ್’. ಜೀವ ಉಳಿಸಿದ ಪುಣ್ಯಾತ್ಮ ಅಂತ ಒಬ್ಬರು, ಹೊಟ್ಟೆಗೆ ಹಾಕಿ ಮತ ಕೊಂಡವನು ಅಂತ ಇನ್ನೊಬ್ಬರು. ಎರಡೂ ನಿಜ ಇರಬಹುದು ಅಲ್ವಾ?

ಕೆಲವು ಪುಟಗಳಲ್ಲಿ ಸೂಪು ಕುಡಿದ ಮನೆತನದ ಹೆಸರೂ ಇರುತ್ತದೆ. ಇದ್ದ ಹಾಗೇ ಟೈಪ್ ಮಾಡುತ್ತೇನೆ, ಕಾಗುಣಿತ ತಪ್ಪಿದ್ದರೂ ತಿದ್ದುವುದಿಲ್ಲ. ಆದರೆ ಆಫೀಸಿನಲ್ಲಿ ಆ ಊರುಗಳ ಕಡೆಯವರ ಹತ್ತಿರ ಬಾಯಿಬಿಡುವುದಿಲ್ಲ. ‘ಸೂಪು ಕುಡಿದವರು’, ಅಂದರೆ ಹೊಟ್ಟೆಗಾಗಿ ಮತ ಬಿಟ್ಟವರು, ಅನ್ನುವ ಬೈಗುಳ ಇಲ್ಲಿ ಇನ್ನೂ ಚುಚ್ಚುತ್ತದೆ.