ಭಾರವೂ ತಿರುಚೂ ಕೂಡಿದಾಗ: ನಿಟಿನಾಲ್ ತಂತಿಯೊಡನೆ ನನ್ನ ಅನುಭವ

ವಿಜಯಪುರದ ಹತ್ತಿರದ ಒಂದು ದ್ರಾಕ್ಷಿ ತೋಟದಲ್ಲಿ ಸೌರ ಒಣಗೂಡಿನ ಮೇಲ್ಕಿಂಡಿ ಈಗ ವಿದ್ಯುತ್ತಿನ ಹಂಗಿಲ್ಲದೆ ತೆರೆದು ಮುಚ್ಚಿಕೊಳ್ಳುತ್ತಿದೆ. ಅದನ್ನು ತಿರುಗಿಸುವುದು ಒಂದೂವರೆ ಮಿಲಿಮೀಟರ್ ದಪ್ಪದ, ಒಂದಡಿ ಉದ್ದದ ನಿಟಿನಾಲ್ ತಂತಿ. ನಿಟಿನಾಲ್ ಎಂದರೆ ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ಮಿಶ್ರಲೋಹ; ತಂಪಿನಲ್ಲಿ ಎಳೆದರೂ ತಿರುಚಿದರೂ ಬಿಸಿಯಾದಾಗ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಬೆಳಗಾವಿಯ ಉದ್ಯಮಬಾಗದ ನನ್ನ ಶೆಡ್ಡಿನಲ್ಲಿ ಕೆಲಸ ಶುರು ಮಾಡಿದಾಗ, ತೂಕ ಹೊತ್ತು ತಿರುಚಿಕೊಳ್ಳುವ ತಂತಿ ನಾಲ್ಕು ದಿನವೂ ಬಾಳದು ಎಂದವರೇ ಹೆಚ್ಚು, ಮತ್ತು ಮೊದಲ ಎರಡು ತಂತಿಗಳ ಮಟ್ಟಿಗೆ ಅವರ ಮಾತು ಸುಳ್ಳಾಗಲಿಲ್ಲ.

ಮೊದಲನೆಯದಕ್ಕೆ ಸುಮಾರು 27 ಕೆಜಿ ತೂಗುಹಾಕಿದ್ದೆ. ಮಾರಿದವರು 45 ಡಿಗ್ರಿಗೆ ಪೂರ್ತಿ ಮರಳುತ್ತದೆ ಎಂದಿದ್ದರು. ಅದು ತೂಕ ಹೊರದ ತಂತಿಯ ಲೆಕ್ಕ. ನನ್ನ ನೀರಿನ ತೊಟ್ಟಿಯ ಅಳತೆಯಲ್ಲಿ ಪ್ರತಿ 7 ಮೆಗಾಪ್ಯಾಸ್ಕಲ್ ಎಳೆತಕ್ಕೆ, ಅಂದರೆ ಈ ದಪ್ಪದ ತಂತಿಗೆ ಸುಮಾರು ಒಂದೂಕಾಲು ಕೆಜಿ ತೂಕಕ್ಕೆ, ಮರಳುವ ಬಿಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಮೇಲೇರುತ್ತಿತ್ತು. ಹೀಗಾಗಿ ಗೂಡಿನೊಳಗೆ 65 ದಾಟಿದರೂ ಕಿಂಡಿ ಪೂರ್ತಿ ತೆರೆಯಲಿಲ್ಲ, ಎರಡು ತಟ್ಟೆ ದ್ರಾಕ್ಷಿ ಕಪ್ಪಾಯಿತು. ತೂಕವನ್ನು 13 ಕೆಜಿಗೆ ಇಳಿಸಿದ ಮೇಲೆ 55ರ ಆಸುಪಾಸಿನಲ್ಲಿ ತೆರೆಯತೊಡಗಿತು.

ಎರಡನೆಯ ತಂತಿಯನ್ನು ಬರೀ ತೂಕದಡಿ ನೂರರಷ್ಟು ಸಲ ಕಾಯಿಸಿ ತಣಿಸಿ ಪಳಗಿಸಿದೆ. ತೋಟದಲ್ಲಿ ಅದು ತಿರುಚನ್ನೂ ಹೊರಬೇಕಿತ್ತು: ತಂಪಿನಲ್ಲಿ ಎದುರುತೂಕ ಅದನ್ನು ಎರಡು ಸುತ್ತು ತಿರುಚುತ್ತದೆ, ಬಿಸಿಯಾದಾಗ ಅದು ಬಿಚ್ಚಿಕೊಂಡು ರಾಟೆಗೆ ಹಗ್ಗ ಸುತ್ತುತ್ತದೆ. ತಿಂಗಳೊಪ್ಪತ್ತಿನಲ್ಲಿ ಎರಡು ಸುತ್ತು ಒಂದೂಕಾಲಕ್ಕೆ ಕುಸಿಯಿತು. ಇಷ್ಟರಲ್ಲಿ ತಂತಿ, ಕುಲುಮೆಯ ಬಾಡಿಗೆ ಎಲ್ಲ ಸೇರಿ 30 ಸಾವಿರದ ಹತ್ತಿರ ಹೋಗಿತ್ತು. ಬಾಡಿಗೆ ಕುಲುಮೆಯ ಬಿಸಿ ಅಳೆಯುವ ಥರ್ಮೋಕಪಲ್ 50 ಡಿಗ್ರಿ ಕಡಿಮೆ ತೋರಿಸುತ್ತಿದ್ದುದು ತಿಳಿದದ್ದು ಮೂರು ಮೀಟರ್ ತಂತಿ ಕೆಟ್ಟ ಮೇಲೆ.

ಆಗ ಎರಡು ತುಂಡುಗಳನ್ನು ಹೋಲಿಸಿ ನೋಡಿದೆ. ಒಂದನ್ನು ತಿರುಚಿ ಆಮೇಲೆ ತೂಕ ಹೇರಿದೆ, ಇನ್ನೊಂದಕ್ಕೆ ತೂಕ ಹೇರಿ ಆಮೇಲೆ ತಿರುಚಿದೆ. ಹೇರಿದ ತೂಕವೂ ಸುತ್ತೂ ಎರಡಕ್ಕೂ ಒಂದೇ ಆಗಿದ್ದರೂ ಕಾಯಿಸಿದಾಗ ಅವು ಮರಳಿದ ಹಾದಿ ಒಂದೇ ಆಗಿರಲಿಲ್ಲ. ಬಂದ ದಾರಿಯನ್ನು ಈ ಲೋಹ ಮರೆಯುವುದಿಲ್ಲ. ಆದ್ದರಿಂದ ಮೂರನೆಯ ತಂತಿಯನ್ನು 500 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟು ನೀರಿಗೆ ಅದ್ದಿ, ತೋಟದಲ್ಲಿ ಯಾವ ಕ್ರಮದಲ್ಲಿ ಭಾರ ಮತ್ತು ತಿರುಚು ಬೀಳುತ್ತವೆಯೋ ಅದೇ ಕ್ರಮದಲ್ಲಿ ನೂರಿಪ್ಪತ್ತು ಸಲ ಪಳಗಿಸಿದೆ. ನಡುವೆ ಮಾಡಿದ ಹದಗೊಳಿಸುವ ಕಾವಿನ ಅವಧಿಯನ್ನೂ, ತಂತಿಯ ತುದಿಯನ್ನು ಬಿಗಿಹಿಡಿಯುವ ಹಿಡಿಕೆಯೊಳಗಿನ ತೋಳಿನ (ಸ್ಲೀವ್) ಲೋಹವನ್ನೂ ಇಲ್ಲಿ ಬರೆಯಲಾರೆ. ಸ್ಕ್ರೂ ನೇರವಾಗಿ ತಂತಿಗೆ ತಾಗಿದರೆ ಅಲ್ಲಿಯೇ ತುಂಡಾಗುತ್ತದೆ ಎಂಬಷ್ಟು ಹೇಳಿದರೆ ಸಾಕು.

ಮೋಡದ ದಿನಗಳಲ್ಲಿ ಇನ್ನೊಂದು ವಿಚಿತ್ರ ಕಂಡೆ. ಕಾಯುವಿಕೆ ಅರ್ಧಕ್ಕೆ, 50ರ ಹತ್ತಿರ, ನಿಂತು ತಣಿದರೆ ಮರುದಿನ ತಂತಿ ಅದೇ ಬಿಸಿಯಲ್ಲಿ ಒಂದು ಗಳಿಗೆ ತಡವರಿಸಿ ಮುಂದೆ ಹೋಗುತ್ತದೆ. ಒಮ್ಮೆ ಪೂರ್ತಿ ಕಾಯಿಸಿದರೆ ಆ ತಡವರಿಕೆ ಅಳಿಯುತ್ತದೆ. ಇದನ್ನು ತೊಟ್ಟಿಯಲ್ಲಿ ಐದಾರು ಸಲ ಮಾಡಿ ಖಚಿತಪಡಿಸಿಕೊಂಡೆ.

ಮೂರನೆಯ ತಂತಿ ಇನ್ನೂರಕ್ಕೂ ಹೆಚ್ಚು ದಿನ ತಿರುಗಿದ ಮೇಲೆ ಕಳೆದುಕೊಂಡದ್ದು ಕಾಲು ಸುತ್ತಿಗಿಂತ ಕಡಿಮೆ. ತೋಟದವರು ಇನ್ನೆರಡು ಕಿಂಡಿಗಳಿಗೆ ಮುಂಗಡ ಕೊಟ್ಟಿದ್ದಾರೆ; ಬಾಳದು ಎಂದವರಲ್ಲಿ ಒಬ್ಬರು ಹಿಡಿಕೆ ಬಿಚ್ಚಿ ತೋರಿಸೆಂದು ಎರಡು ಸಲ ಬಂದು ಹೋದರು.