ಗೋಡೆ ಕಾಣದ ಈಜು

ಬ್ಯಾಕ್‌ಸ್ಟ್ರೋಕ್, ಅಂದರೆ ಬೆನ್ನಿನ ಮೇಲೆ ಮಲಗಿ ಈಜುವವರಿಗೆ ತಾವು ಮುಟ್ಟಬೇಕಾದ ಗೋಡೆ ಕಾಣುವುದಿಲ್ಲ. ಉಳಿದ ಮೂರು ಬಗೆಗಳಲ್ಲಿ ಮುಖ ನೀರಿನ ಕಡೆಗಿರುತ್ತದೆ. ತಳದ ಕಪ್ಪು ಗೆರೆ, ಎದುರಿನ ಗೋಡೆ ಎರಡೂ ಕಣ್ಣಿಗೆ ಬೀಳುತ್ತವೆ. ನಮಗೆ ಸಿಗುವುದು ಗೋಡೆಗಿಂತ 5 ಮೀಟರ್ ಮೊದಲು ಕೊಳದ ಮೇಲೆ ಅಡ್ಡಲಾಗಿ ಕಟ್ಟಿದ ಬಣ್ಣದ ಧ್ವಜಗಳ ಸಾಲು ಮಾತ್ರ. ಧ್ವಜಗಳು ಕಣ್ಣ ಮೇಲೆ ಹಾದುಹೋದ ಕ್ಷಣದಿಂದ ಕೈಬೀಸುಗಳನ್ನು ಎಣಿಸಬೇಕು. 2005ರಿಂದ 2018ರವರೆಗೆ, ಹದಿಮೂರು ವರ್ಷ, ನಾನು ದಿನಕ್ಕೆ ಎರಡು ಹೊತ್ತು ಅದನ್ನೇ ಎಣಿಸಿದೆ.

ಒಂಬತ್ತನೆಯ ವಯಸ್ಸಿನಲ್ಲಿ ನನ್ನ ಎಣಿಕೆ ಎಂಟು. ಧ್ವಜದಿಂದ ಎಂಟನೆಯ ಕೈಗೆ ಗೋಡೆ. ಅಪ್ಪ ಬೆಳಿಗ್ಗೆ ಐದು ಗಂಟೆಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಬೆಂಗಳೂರಿನ ಬಸವನಗುಡಿಯ ಕೊಳದ ಕಡೆಗೆ ಹೊರಡುತ್ತಿದ್ದರು. ಡಿಸೆಂಬರಿನಲ್ಲಿ ನೀರಿಗಿಂತ ಸ್ಕೂಟರಿನ ಮೇಲಿನ ಗಾಳಿಯೇ ಹೆಚ್ಚು ಕೊರೆಯುತ್ತಿತ್ತು. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, ಅಥೆನ್ಸ್‌ಗೆ ಹೋದ ಶಿಖಾ ಟಂಡನ್ ಇಬ್ಬರೂ ನಮ್ಮ ಊರಿನಲ್ಲಿ ಈಜಿದವರು ಎಂಬುದು ನಮಗೆ ಬಹಳ ದೊಡ್ಡ ಸಂಗತಿಯಾಗಿತ್ತು. ಒಲಿಂಪಿಕ್ಸ್ ಎಂಬುದು ಟಿವಿಯೊಳಗಿನ ಬೇರೆ ಲೋಕವಲ್ಲ, ನಮ್ಮ ಬೀದಿಗಳಿಂದಲೂ ಅಲ್ಲಿಗೆ ದಾರಿಯಿದೆ ಎಂದು ಅವರಿಂದ ಗೊತ್ತಾಗಿತ್ತು.

ನಾನು ಕಲಿತ ಕೊಳಕ್ಕೆ ಚಾವಣಿ ಇರಲಿಲ್ಲ. ಬೆನ್ನಿನ ಮೇಲೆ ನೇರವಾಗಿ ಹೋಗಬೇಕಾದರೆ ಮೇಲೆ ಏನಾದರೊಂದು ಗುರುತು ಬೇಕು. ಮೋಡ ನಂಬಿಕೆಗೆ ತಕ್ಕದ್ದಲ್ಲ, ಅದು ನಮ್ಮ ಜೊತೆಗೇ ಸರಿಯುತ್ತದೆ. ನಾನು ಕಾಲ ಕಡೆ ದೂರದಲ್ಲಿ ಕಾಣುತ್ತಿದ್ದ ಒಂದು ತೆಂಗಿನ ಮರವನ್ನು ಹಿಡಿದುಕೊಂಡೆ. ಅದು ಎರಡು ಪಾದಗಳ ನಡುವೆ ಇದ್ದರೆ ದಾರಿ ಸರಿ. ಹಿಂತಿರುಗಿ ಬರುವಾಗ ಆ ಮರವಿಲ್ಲ, ಕಣ್ಣಿಗೆ ಸೂರ್ಯ. ಆಗ ಬಲಗೈ ಲೇನಿನ ಹಗ್ಗಕ್ಕೆ ತಗುಲಿ ಬೆರಳ ಗೆಣ್ಣುಗಳು ಸುಲಿದುಹೋಗುತ್ತಿದ್ದವು. ದೆಹಲಿಯ ತಾಲ್ಕಟೋರಾದ ಚಾವಣಿಯಿರುವ ಕೊಳದಲ್ಲಿ ಮೊದಲ ಸಲ ಈಜಿದಾಗ ಮೇಲೆ ಸಾಲಾಗಿ ನಿಂತ ತೊಲೆಗಳನ್ನು ನೋಡಿ ಇಷ್ಟು ಸುಲಭವೇ ಎನ್ನಿಸಿತು.

ಎಣಿಕೆಯ ವಿಷಯಕ್ಕೆ ಬರುತ್ತೇನೆ, ನನಗೆ ಹೇಳಬೇಕಾದ್ದು ಅದೇ. ಎಣಿಕೆ ಒಮ್ಮೆ ಕಲಿತರೆ ಮುಗಿಯುವುದಿಲ್ಲ. ಎತ್ತರ ಬೆಳೆದಂತೆ ಅದು ಕಡಿಮೆಯಾಗುತ್ತದೆ, ದಣಿದಾಗ ಹೆಚ್ಚುತ್ತದೆ. ವಾರ್ಮ್‌ಅಪ್‌ನ ನಿಧಾನದ ಎಣಿಕೆ ಸ್ಪರ್ಧೆಯ ವೇಗಕ್ಕೆ ಹೊಂದುವುದಿಲ್ಲ. ತಿರುವಿನ ಲೆಕ್ಕವೇ ಬೇರೆ, ಕೊನೆಯ ಸ್ಪರ್ಶದ ಲೆಕ್ಕವೇ ಬೇರೆ. ಕೊನೆಯಲ್ಲಿ ಬೆನ್ನಿನ ಮೇಲೇ ಇದ್ದು ಗೋಡೆ ಮುಟ್ಟಬೇಕು. ತಿರುವಿನಲ್ಲಿ ಮಾತ್ರ ಗೋಡೆಗೆ ಮೊದಲು ಹೊಟ್ಟೆಯ ಮೇಲೆ ಮಗುಚಲು ನಿಯಮ ಬಿಡುತ್ತದೆ. ಮಗುಚಿದ ಮೇಲೆ ತಡೆಯಿಲ್ಲದೆ ಒಂದು ಕೈ ಎಳೆತ, ಅದರ ಬೆನ್ನಿಗೇ ಪಲ್ಟಿ. ನಡುವೆ ಕಾಲು ಬಡಿದುಕೊಂಡು ಗೋಡೆಯ ಕಡೆಗೆ ತೇಲಿದರೆ ಅನರ್ಹ.

ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಅನರ್ಹಳಾದದ್ದು ಹಾಗೆಯೇ. ಆ ಬೇಸಿಗೆಯಲ್ಲಿ ಒಮ್ಮೆಲೇ ಎತ್ತರ ಬೆಳೆದಿದ್ದೆ, ಎಣಿಕೆ ಆರಕ್ಕೆ ಇಳಿದಿತ್ತು, ಅಭ್ಯಾಸದಲ್ಲಿ ತಿರುವು ಚೆನ್ನಾಗಿ ಬರುತ್ತಿತ್ತು. ರಾಜ್ಯಮಟ್ಟದ 200 ಮೀಟರ್ ಸ್ಪರ್ಧೆಯ ಮೂರನೆಯ ತಿರುವಿನಲ್ಲಿ ತೋಳುಗಳು ಸೋತಿದ್ದವು. ಎಂದಿನ ಎಣಿಕೆಗೆ ಮಗುಚಿದೆ, ಗೋಡೆ ಇನ್ನೂ ಒಂದು ಮಾರು ದೂರವಿತ್ತು. ಕಾಲು ಬಡಿದೆ. ಎರಡನೆಯದಾಗಿ ಮುಗಿಸಿ ತಲೆಯೆತ್ತಿದಾಗ ನಮ್ಮ ಲೇನಿನ ತೀರ್ಪುಗಾರರು ಏನೋ ಬರೆದುಕೊಳ್ಳುತ್ತಿದ್ದರು. ನನ್ನ ತರಬೇತುದಾರ ಸರ್ ಬೈಯಲಿಲ್ಲ. "ದಣಿದಾಗ ಎಷ್ಟು ಎಂದು ಎಣಿಸಿದ್ದೀಯಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನದಿಂದ ತಿರುವಿನ ಅಭ್ಯಾಸವೆಲ್ಲ ಬೆಳಗಿನ ಕೊನೆಗೆ ಹೋಯಿತು. ನಾಲ್ಕು ಸಾವಿರ ಮೀಟರ್ ಈಜಿ ತೋಳು ಮರಗಟ್ಟಿದ ಮೇಲೆ, ಗೋಡೆಯಿಂದ 15 ಮೀಟರ್ ದೂರದಿಂದ ಪೂರ್ತಿ ವೇಗದಲ್ಲಿ ಬಂದು ತಿರುಗುವುದು, ಇಪ್ಪತ್ತು ಸಲ. ದಣಿವಿನ ಎಣಿಕೆ ಏಳು ಎಂದು ತಿಳಿಯಿತು. ಅದನ್ನು ಆರೂವರೆಗೆ ತರಲಾಗದು, ಕೈಗಳು ಎರಡೇ. ಒಂದೋ ಏಳಕ್ಕೆ ಒಪ್ಪಬೇಕು, ಇಲ್ಲವೇ ಪ್ರತಿ ಬೀಸು ಉದ್ದವಾಗಬೇಕು. ಉದ್ದವಾಗಿಸಲು ನನಗೆ ಎರಡು ವರ್ಷ ಹಿಡಿಯಿತು.

ಅಪ್ಪ ಕಟ್ಟಡದ ಕೆಲಸದಲ್ಲಿ ಮೇಲ್ವಿಚಾರಕರಾಗಿದ್ದರು. ಒಂದು ಊರಿನ ಕೂಟದಲ್ಲಿ ಎರಡೂ ಕಡೆ ನನ್ನ ಎಣಿಕೆ ತಾಳೆಯಾಗದೆ ಅಳುತ್ತ ಬಂದಾಗ, ಅವರು ಜೇಬಿನಿಂದ ಅಳತೆ ಟೇಪು ತೆಗೆದು ಕೊಳದ ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಒಂದು ಕಡೆಯ ಧ್ವಜವನ್ನು 60 ಸೆಂಟಿಮೀಟರ್ ಆಚೆಗೆ ಕಟ್ಟಿದ್ದರು. ಅಂದು ಅದನ್ನು ಸರಿಪಡಿಸಿಸಿದ ಮೇಲೆಯೇ ಅಪ್ಪ ಮೇಲೆದ್ದದ್ದು. ಆಮೇಲೆ ಯಾವ ಊರಿಗೆ ಹೋದರೂ ನನ್ನ ಚೀಲದಲ್ಲಿ ಕ್ಯಾಪು, ಕನ್ನಡಕಗಳ ಜೊತೆ ಆ ಟೇಪು ಇರುತ್ತಿತ್ತು.

ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ನನ್ನ ಲೇನಿನ ಆರು ಹುಡುಗಿಯರಲ್ಲಿ ನಾಲ್ವರು ಬಿಟ್ಟಿದ್ದರು. ಅವರಲ್ಲಿ ಇಬ್ಬರು ನನಗಿಂತ ವೇಗದವರು. ಟ್ಯೂಷನ್, ಹಾಜರಾತಿ, ಮುಟ್ಟಿನ ದಿನಗಳ ಮುಜುಗರ, ಮದುವೆಮನೆಗಳಲ್ಲಿ "ಹುಡುಗಿಯ ಭುಜ ಎಷ್ಟು ಅಗಲವಾಗಿದೆ" ಎಂಬ ಮಾತು, ಎಲ್ಲವೂ ಸೇರಿ ಅವರನ್ನು ಹೊರಗೆಳೆದವು. ನನ್ನ ಮನೆಯಲ್ಲಿ ಅಮ್ಮ ಆ ಮಾತುಗಳನ್ನು ಬಾಗಿಲಲ್ಲೇ ತಡೆದಳು. ಆ ನಾಲ್ವರ ನೆನಪಾದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

2014 ನನ್ನ ಒಳ್ಳೆಯ ವರ್ಷ. ಎಣಿಕೆ ಐದು, ದಣಿದಾಗಲೂ ಐದು. 100 ಮೀಟರನ್ನು 1 ನಿಮಿಷ 7.42 ಸೆಕೆಂಡಿನಲ್ಲಿ ಮುಗಿಸಿದೆ. ರಾಷ್ಟ್ರೀಯ ಕೂಟದ ಫೈನಲ್‌ನಲ್ಲಿ ಎಂಟು ಮಂದಿಯಲ್ಲಿ ಒಬ್ಬಳಾಗಿ ನಿಂತೆ. ಪದಕ ಬರಲಿಲ್ಲ. ಆದರೆ ಆ ಸ್ಪರ್ಧೆಯಲ್ಲಿ ಧ್ವಜ ದಾಟಿದ ಮೇಲೆ ನಾನು ಎಣಿಸಿದ ನೆನಪೇ ಇಲ್ಲ, ಕೈ ತಾನಾಗಿ ಗೋಡೆಯ ಮೇಲಿತ್ತು.

2016ರಲ್ಲಿ ಬಲಭುಜದ ಸ್ನಾಯುರಜ್ಜು ಹರಿಯಿತು. ವರ್ಷಗಟ್ಟಲೆ ಲಕ್ಷಾಂತರ ಸಲ ತಿರುಗಿದ ಕೀಲು ಅದು. ಒಂದು ತಿಂಗಳಿನಿಂದ ನೋವಿತ್ತು, ನಾನು ಮಂಜುಗಡ್ಡೆ ಇಟ್ಟುಕೊಂಡು ಮುಚ್ಚಿಟ್ಟಿದ್ದೆ. ಎಳೆಯ ಈಜುಗಾರರಿಗೆ ಹೇಳುತ್ತೇನೆ: ಕೈ ತಲೆಯ ಮೇಲೆ ಹೋಗುವಾಗ ಚುಚ್ಚಿದರೆ ಅದೇ ದಿನ ಹೇಳಿ. ಆರು ತಿಂಗಳ ವ್ಯಾಯಾಮದ ನಂತರ ನೀರಿಗಿಳಿದೆ. ಎಣಿಕೆ ಆರು. ಎರಡು ವರ್ಷ ಪ್ರಯತ್ನಿಸಿದರೂ ಆರು ಐದಾಗಲಿಲ್ಲ. 2018ರಲ್ಲಿ ಬಿಟ್ಟೆ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನನ್ನದೇ ಸ್ಪರ್ಧೆಯಾದ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಭಾರತದ ಇಬ್ಬರಿದ್ದರು: ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್, ಅಹಮದಾಬಾದಿನ ಮಾನಾ ಪಟೇಲ್. ಶ್ರೀಹರಿ ಅದಕ್ಕೂ ಕೆಲವು ವಾರ ಮೊದಲು ರೋಮ್‌ನಲ್ಲಿ 53.77 ಸೆಕೆಂಡಿನಲ್ಲಿ ಈಜಿ ನೇರ ಅರ್ಹತೆ ಪಡೆದಿದ್ದ, ಬೇಕಿದ್ದದ್ದು 53.85. ಸೆಕೆಂಡಿನ ನೂರರಲ್ಲಿ ಎಂಟು ಭಾಗ! ತಿರುವಿನಲ್ಲಿ ಅರ್ಧ ಬೀಸು ತಪ್ಪಿದ್ದರೂ ಅದು ಹೋಗುತ್ತಿತ್ತು. ಟಿವಿಯ ಮುಂದೆ ಅಪ್ಪ ಮತ್ತು ನಾನು ಒಂದೇ ದನಿಯಲ್ಲಿ ಎಣಿಸಿದೆವು.

ಈಗ ಮಕ್ಕಳಿಗೆ ಕಲಿಸುತ್ತೇನೆ. ಹೊಸ ಕೊಳಕ್ಕೆ ಹೋದರೆ ಮೊದಲು ಟೇಪು ಹೊರಗೆ ಬರುತ್ತದೆ. ಒಂದು ತುದಿಯನ್ನು ಹತ್ತು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಒತ್ತಿ ಹಿಡಿಯುತ್ತಾಳೆ. ಕಳೆದ ವಾರ ಅವಳು ನೀರಿನಿಂದಲೇ ಕೂಗಿದಳು: "ಅಕ್ಕಾ, ಇವತ್ತು ಏಳು!"